ಕೆಟ್ಟ ಫ್ರಿಜ್‌ನಿಂದ ಹೊಗೆಪೆಟ್ಟಿಗೆ: ಹಂದಿಮಾಂಸಕ್ಕೆ ಮನೆಯಲ್ಲೇ ಹೊಗೆ ಹಾಕುವವರಿಗೆ ಮಾರ್ಗದರ್ಶಿ

ಕೊಡಗಿನ ಹಬ್ಬಗಳಾದ ಕೈಲ್‌ಪೊಳ್ದ್, ಪುತ್ತರಿ ಹತ್ತಿರ ಬಂತೆಂದರೆ ಓದುಗರಿಂದ ಬರುವ ಪ್ರಶ್ನೆ ಒಂದೇ: ಕೊಟ್ಟಿಗೆಯಲ್ಲಿ ಕೆಟ್ಟು ನಿಂತ ಫ್ರಿಜ್ ಇದೆ, ಅದನ್ನು ಮಾಂಸಕ್ಕೆ ಹೊಗೆ ಹಾಕುವ ಪೆಟ್ಟಿಗೆ ಮಾಡಿಕೊಳ್ಳಬಹುದಾ? ಮಾಡಿಕೊಳ್ಳಬಹುದು. ಆದರೆ ಫ್ರಿಜ್ ಅನ್ನು ಇದ್ದ ಹಾಗೇ ಇಟ್ಟು ತಳಕ್ಕೆ ಕೆಂಡ ಸುರಿದರೆ ಆಯಿತು ಅಂದುಕೊಂಡಿದ್ದರೆ ದಯವಿಟ್ಟು ಕೈ ಹಾಕಬೇಡಿ. ನಮಗೆ ಬೇಕಿರುವುದು ಅದರ ಹೊರಗಿನ ತಗಡಿನ ಕವಚ ಮತ್ತು ಬಾಗಿಲು ಮಾತ್ರ. ಪ್ಲಾಸ್ಟಿಕ್, ಫೋಮ್, ರಬ್ಬರ್, ಗ್ಯಾಸ್, ಹಳೇ ಜಾಲರಿ ಎಲ್ಲವೂ ಹೊರಗೆ ಹೋಗಬೇಕು. ಈ ಲೇಖನದ ಮೊದಲ ಮೂರು ಹಂತ ಅದರ ಬಗ್ಗೆಯೇ ಇವೆ, ಯಾಕೆಂದರೆ ಕೆಲಸ ಕೆಡುವುದೂ ಅಲ್ಲೇ.

ಹೊಗೆ ಹಾಕುವುದರಲ್ಲಿ ಎರಡು ಬಗೆ. ತಣ್ಣನೆಯ ಹೊಗೆ ಅಂದರೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೊಗೆ ಕೊಡುವುದು, ಮಾಂಸ ಬೇಯುವುದಿಲ್ಲ. ಬಿಸಿ ಹೊಗೆ ಅಂದರೆ 80ರಿಂದ 110 ಡಿಗ್ರಿಯಲ್ಲಿ ಹೊಗೆಯ ಜೊತೆಗೇ ಬೇಯಿಸುವುದು. ಇಲ್ಲಿ ಹೇಳುತ್ತಿರುವುದು ಬಿಸಿ ಹೊಗೆಯ ಪೆಟ್ಟಿಗೆ. ನಮ್ಮ ಹವೆಯ ತೇವದಲ್ಲಿ ಬೇಯದ ಮಾಂಸವನ್ನು ಬೆಚ್ಚಗೆ ತೂಗುಹಾಕುವುದು ರೋಗಾಣುಗಳಿಗೆ ಊಟ ಬಡಿಸಿದಂತೆ. ಮನೆಯ ಮಟ್ಟಿಗೆ ಬಿಸಿ ಹೊಗೆಯೇ ಕ್ಷೇಮ.

ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದ ಮಾಂಸವೇ ಬೇರೆ. ಅದಕ್ಕೆ ಉಪ್ಪು ಹೆಚ್ಚು, ತುಂಡು ತೆಳ್ಳಗೆ, ನೀರಿನಂಶ ಪೂರ್ತಿ ಹೋಗಿ ಗಟ್ಟಿಯಾಗುವ ತನಕ ಅದು ಅಲ್ಲೇ ಇರುತ್ತಿತ್ತು. ಈ ಪೆಟ್ಟಿಗೆಯಿಂದ ಬರುವುದು ಮೆತ್ತಗಿನ, ರಸವಿರುವ ಮಾಂಸ. ಅದನ್ನು ಅಟ್ಟದ ಮಾಂಸದಂತೆ ಹೊರಗೆ ಇಡಲಾಗದು.

ಬೇಕಾಗುವ ಸಾಮಾನು

ಸಿಂಗಲ್ ಡೋರ್ ಫ್ರಿಜ್, 165ರಿಂದ 190 ಲೀಟರಿನದು, ಒಂದು. ಕೆಳಗಿನ ಲೆಕ್ಕ ಆ ಅಳತೆಗೆ.

- ಒಳಮೈಗೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ತಗಡು, 22 ಗೇಜ್ (ಸುಮಾರು 0.8 ಮಿ.ಮೀ. ದಪ್ಪ), 8×4 ಅಡಿಯದು ಒಂದು. ಒಳಗಿನ ಐದು ಮೈ ಮತ್ತು ಬಾಗಿಲಿಗೆ ಇದು ಸಾಕಾಗಿ ಸ್ವಲ್ಪ ಉಳಿಯುತ್ತದೆ.
- ರಾಕ್‌ವೂಲ್, 50 ಮಿ.ಮೀ. ದಪ್ಪದ್ದು, 3 ಚದರ ಮೀಟರ್. ಬಂಡೆಯನ್ನು ಕರಗಿಸಿ ಎಳೆ ತೆಗೆದು ಮಾಡುವ, ಬೆಂಕಿ ಹತ್ತದ ಹತ್ತಿ ಇದು.
- 25×25×3 ಮಿ.ಮೀ. ಕಬ್ಬಿಣದ ಆ್ಯಂಗಲ್, 20 ಅಡಿಯ ಎರಡು ಉದ್ದ.
- 4 ಇಂಚಿನ ಕಪ್ಪು ಎಂಎಸ್ (ಸತು ಲೇಪವಿಲ್ಲದ ಉಕ್ಕು) ಪೈಪು: ಒಲೆಯಿಂದ ಪೆಟ್ಟಿಗೆಗೆ ಒಂದೂವರೆ ಮೀಟರ್, ಹೊಗೆಕೊಳವೆಗೆ ಮುಕ್ಕಾಲು ಮೀಟರ್.
- ಬಾಗಿಲಿನ ಸುತ್ತ ಕೂರಿಸಲು ಗ್ಲಾಸ್‌ಫೈಬರ್ ಹಗ್ಗ, 12 ಮಿ.ಮೀ., 3.5 ಮೀಟರ್. ಬಾಗಿಲು ಬಿಗಿಯಲು ಎರಡು ಟಾಗಲ್ ಕ್ಲಾಂಪ್ (ಹಿಡಿ ಒತ್ತಿ ಬಿಗಿಯುವ ಕೊಂಡಿ).
- ಸ್ಟೀಲ್ ರಿವೆಟ್, ಹೆಚ್ಚು ಶಾಖ ತಡೆಯುವ ಕೆಂಪು ಸಿಲಿಕೋನ್ ಎರಡು ಟ್ಯೂಬ್.
- ಡಯಲ್ ಥರ್ಮಾಮೀಟರ್ ಒಂದು, ಮಾಂಸಕ್ಕೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಒಂದು.
- ಒಲೆಗೆ ಕೆಂಪು ಇಟ್ಟಿಗೆ, ಜೇಡಿಮಣ್ಣು, 3 ಮಿ.ಮೀ. ಕಬ್ಬಿಣದ ಪ್ಲೇಟಿನ ಬಾಗಿಲು.

ಮೂರು ವಸ್ತು ಅಂಗಡಿಯವರು ಕೊಟ್ಟರೂ ತರಬೇಡಿ. ಜಿಐ ತಗಡು ಮತ್ತು ಪೈಪು: ಬೆಂಕಿಯ ಹತ್ತಿರ ಅದರ ಸತುವಿನ ಲೇಪ ಸುಟ್ಟು ವಿಷದ ಹೊಗೆ ಬಿಡುತ್ತದೆ. ಆಸ್ಬೆಸ್ಟಾಸ್ ಹಗ್ಗ: ನೋಡಲು ಗ್ಲಾಸ್‌ಫೈಬರ್ ಹಗ್ಗದ ಹಾಗೇ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಮಾರಕ. ಮೂರನೆಯದು ತೋಟದ ಹಳೇ ಡ್ರಮ್. ಬೋರ್ಡೋ ದ್ರಾವಣ ಕಲಸಿದ, ಕೀಟನಾಶಕ ತುಂಬಿಟ್ಟಿದ್ದ ಡ್ರಮ್ಮನ್ನು ಕುಯ್ದು ಒಲೆ ಮಾಡುವ ಯೋಚನೆ ಬಹಳ ಜನರಿಗೆ ಬರುತ್ತದೆ. ಎಷ್ಟು ತೊಳೆದರೂ ಅದು ಅಡುಗೆಯ ಕೆಲಸಕ್ಕೆ ಬಾರದು.

1. ಫ್ರಿಜ್ ಯಾವುದೆಂದು ಮೊದಲು ನೋಡಿ

ಒಳಗೋಡೆಗೆ ಅಯಸ್ಕಾಂತ ಇಟ್ಟು ನೋಡಿ. ಹಿಡಿದುಕೊಂಡರೆ ಎನಾಮೆಲ್ ಬಳಿದ ಉಕ್ಕು. ಹಿಡಿಯದಿದ್ದರೆ ಬೆರಳ ಗೆಣ್ಣಿನಿಂದ ಬಡಿಯಿರಿ: ಲೋಹವಾದರೆ ಠಣ್ ಅನ್ನುತ್ತದೆ, ಪ್ಲಾಸ್ಟಿಕ್ ಮಂದವಾಗಿ ಸದ್ದು ಮಾಡುತ್ತದೆ. ಬಹಳ ಹಳೆಯ ಮಾದರಿಗಳನ್ನು ಬಿಟ್ಟರೆ ಗುಜರಿಯಲ್ಲಿ ಸಿಗುವ ಹೆಚ್ಚಿನವು ಪ್ಲಾಸ್ಟಿಕ್ ಒಳಮೈಯವೇ. ಆ ಪ್ಲಾಸ್ಟಿಕ್ 80–100 ಡಿಗ್ರಿಗೆಲ್ಲ ಮೆತ್ತಗಾಗಿ ಜೋಲುತ್ತದೆ. ಅದರ ಹಿಂದಿರುವ ಪಾಲಿಯುರೆಥೇನ್ ಫೋಮ್‌ಗೆ ಬೆಂಕಿ ಹತ್ತಿದರೆ ಸಯನೈಡ್ ಅನಿಲ ಹೊರಡುತ್ತದೆ. ಉಕ್ಕಿನ ಒಳಮೈ ಇದ್ದರೂ ಹಿಂದೆ ಇದೇ ಫೋಮ್ ಇರಬಹುದು. ಹಿಂಭಾಗದ ತಗಡು ಬಿಚ್ಚಿ ನೋಡಿ. ಹಳದಿ ಸ್ಪಂಜಿನಂಥದ್ದು ಕಂಡರೆ ತೆಗೆಯಲೇಬೇಕು, ಗಾಜಿನ ಹತ್ತಿಯಾದರೆ ಒಣಗಿದ್ದು ಇಲಿ ಗೂಡು ಇಲ್ಲದಿದ್ದರೆ ಉಳಿಸಬಹುದು.

2. ಗ್ಯಾಸ್ ತೆಗೆಸಿ, ನೀವೇ ಕೊಳವೆ ಕುಯ್ಯಬೇಡಿ

ಕಂಪ್ರೆಸರ್ ಮೇಲೆ ಇಲ್ಲವೇ ಫ್ರಿಜ್‌ನ ಹಿಂದೆ ಅಂಟಿಸಿದ ಚೀಟಿಯಲ್ಲಿ ಒಳಗಿರುವ ಗ್ಯಾಸ್ ಯಾವುದೆಂದು ಬರೆದಿರುತ್ತದೆ. ಆರ್ 12 ಓಜೋನ್ ಪದರವನ್ನು ಹಾಳುಮಾಡುವ ಗ್ಯಾಸ್. ಆರ್ 134ಎ ಭೂಮಿಯ ಬಿಸಿ ಏರಿಸುತ್ತದೆ. ಆರ್ 600ಎ ಅಂದರೆ ಐಸೋಬ್ಯುಟೇನ್, ಅಡುಗೆ ಗ್ಯಾಸಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಅದಿರುವ ಕೊಳವೆಗೆ ಗ್ರೈಂಡರ್ ತಾಗಿಸಿದರೆ ಮುಖ ಸುಡುತ್ತದೆ. ಫ್ರಿಜ್ ರಿಪೇರಿಯವರನ್ನು ಕರೆಸಿ, ಗ್ಯಾಸನ್ನು ಸಿಲಿಂಡರಿಗೆ ಎಳೆಸಿ, ಕಂಪ್ರೆಸರ್ ಮತ್ತು ಹಿಂದಿನ ಕಾಯಿಲ್ ಬಿಚ್ಚಿಸಿ. ‘ಫ್ರಿಜ್ ಕೆಟ್ಟಿದೆ, ಗ್ಯಾಸ್ ಎಲ್ಲಿರುತ್ತೆ’ ಅನ್ನಬೇಡಿ, ಕೆಟ್ಟ ಫ್ರಿಜ್‌ನಲ್ಲೂ ಗ್ಯಾಸ್ ತುಂಬಿಯೇ ಇರಬಹುದು. ತೆಗೆದ ಭಾಗಗಳು 2022ರ ಇ-ತ್ಯಾಜ್ಯ ನಿಯಮಗಳ ಅಡಿ ಬರುತ್ತವೆ, ಅಧಿಕೃತ ಮರುಬಳಕೆದಾರರಿಗೆ ಕೊಡಿ.

3. ಒಳಗಿನದೆಲ್ಲ ಬಿಚ್ಚುವುದು

ಬಾಗಿಲು ಕಳಚಿ, ಫ್ರಿಜ್ಜನ್ನು ಮಲಗಿಸಿ. ಒಳಗಿನ ಪ್ಲಾಸ್ಟಿಕ್ ತೊಟ್ಟಿಯ ಅಂಚನ್ನು ಕೈ ಗರಗಸದಲ್ಲಿ ಕುಯ್ದು ತುಂಡು ತುಂಡಾಗಿ ಎಳೆಯಿರಿ. ಫೋಮ್ ಕವಚಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ಅಗಲ ಉಳಿ ಇಲ್ಲವೇ ಪೇಂಟ್ ಕೆರೆಯುವ ಬ್ಲೇಡಿನಿಂದ ಕೆರೆಯಬೇಕು. ಅರ್ಧ ದಿನದ ಕೆಲಸ ಎಂದು ಇಟ್ಟುಕೊಳ್ಳಿ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ.

ಫೋಮ್ ಪೂರ್ತಿ ಹೋಗುವ ತನಕ ಗ್ರೈಂಡರ್, ವೆಲ್ಡಿಂಗ್ ಎರಡೂ ಬೇಡ. ಕಿಡಿ ಬಿದ್ದರೆ ಫೋಮ್ ಒಳಗೊಳಗೇ ಹೊತ್ತಿಕೊಳ್ಳುತ್ತದೆ. ಕೆರೆದ ಫೋಮನ್ನು ಕಸದ ಜೊತೆ ಸುಡಲೂಬಾರದು.

ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟನ್ನೂ ಕಿತ್ತು ತೆಗೆಯಿರಿ. ಹಳೇ ಜಾಲರಿಗಳು ನೋಡಲು ಎಷ್ಟೇ ಚೆನ್ನಾಗಿದ್ದರೂ ಉಳಿಸಬೇಡಿ. ಹಳೆಯ ಕಾಲದ ಕೆಲವು ಜಾಲರಿಗಳಿಗೆ ಕ್ಯಾಡ್ಮಿಯಂ ಲೇಪ ಇರುತ್ತದೆ. ಬಿಸಿ, ಹುಳಿ, ಉಪ್ಪು ತಾಗಿದರೆ ಆ ವಿಷ ನೇರ ಮಾಂಸಕ್ಕೆ ಇಳಿಯುತ್ತದೆ.

4. ಚೌಕಟ್ಟು, ರಾಕ್‌ವೂಲ್, ತಗಡು

ಫೋಮ್ ತೆಗೆದ ಮೇಲೆ ಕವಚವನ್ನು ಒತ್ತಿ ನೋಡಿದರೆ ಅದು ಹಪ್ಪಳದ ಹಾಗೆ ಬಳುಕುತ್ತದೆ. ಫ್ರಿಜ್‌ಗೆ ಗಟ್ಟಿತನ ಕೊಟ್ಟಿದ್ದೇ ಆ ಫೋಮ್. ಹಾಗಾಗಿ ಒಳಗೆ ಆ್ಯಂಗಲ್ ಚೌಕಟ್ಟು ಬೇಕೇ ಬೇಕು. ಇದನ್ನು ಬಿಟ್ಟವರ ಪೆಟ್ಟಿಗೆ ಬಾಗಿಲು ಹಾಕಿದಾಗ ಒಂದು ಮೂಲೆಯಲ್ಲಿ ಕೂತು, ಇನ್ನೊಂದು ಮೂಲೆಯಲ್ಲಿ ಬೆರಳು ಹೋಗುವಷ್ಟು ತೆರೆದಿರುತ್ತದೆ. ಕವಚದಿಂದ 50 ಮಿ.ಮೀ. ಒಳಕ್ಕೆ ನಿಲ್ಲುವಂತೆ ವೆಲ್ಡಿಂಗ್ ಶಾಪಿನಲ್ಲಿ ಚೌಕಟ್ಟು ಮಾಡಿಸಿ, ಸಂದಿಗೆ ರಾಕ್‌ವೂಲ್ ತುಂಬಿ. ಒತ್ತಿ ಒತ್ತಿ ತುರುಕಬೇಡಿ. ಅದರೊಳಗಿನ ಗಾಳಿಯೇ ಶಾಖ ತಡೆಯುವುದು.

ಅದರ ಮೇಲೆ ಸ್ಟೀಲ್ ತಗಡು ಕೂರಿಸಿ 10 ಸೆಂ.ಮೀ.ಗೆ ಒಂದರಂತೆ ರಿವೆಟ್ ಹೊಡೆಯಿರಿ. ತಗಡಿನ ಜೋಡಣೆಯಲ್ಲಿ ಮೇಲಿನ ಹಾಳೆ ಕೆಳಗಿನ ಹಾಳೆಯ ಒಳಮುಖಕ್ಕೆ ಹಾಯ್ದು ಬರಬೇಕು, ಆಗ ಇಳಿಯುವ ಕೊಬ್ಬು ಸಂದಿಗೆ ನುಗ್ಗದೆ ಕೆಳಕ್ಕೆ ಹರಿಯುತ್ತದೆ. ಉಲ್ಟಾ ಜೋಡಿಸಿದರೆ ಕೊಬ್ಬು ರಾಕ್‌ವೂಲಿಗೆ ಇಂಗಿ, ತಿಂಗಳೊಳಗೆ ಕೊಳೆತ ವಾಸನೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೊಬ್ಬು ಕುಡಿದ ರಾಕ್‌ವೂಲ್‌ಗೆ ಬೆಂಕಿಯೂ ಹತ್ತುತ್ತದೆ. ಸಂದಿಗಳಿಗೆ ಸಿಲಿಕೋನ್ ತುಂಬಿ ಎರಡು ದಿನ ಒಣಗಲು ಬಿಡಿ. ಮಳೆಗಾಲದಲ್ಲಾದರೆ ಮೂರು ದಿನ.

ಜಾಲರಿ ಕೂರಿಸಲು ಎರಡೂ ಬದಿ ಸ್ಟೀಲ್ ಪಟ್ಟಿ, ಮೇಲೆ ಕೊಕ್ಕೆ ಹಾಕಲು ಎರಡು ಸ್ಟೀಲ್ ಸರಳು ಇರಲಿ. ಮಾಂಸ ಮುಟ್ಟುವ ಎಲ್ಲವೂ ಎಸ್‌ಎಸ್ 304 ಆಗಿರಬೇಕು.

5. ಬಾಗಿಲು

ಬಾಗಿಲಿನೊಳಗೂ ಅದೇ ಕೆಲಸ: ಫೋಮ್ ಹೊರಗೆ, ರಾಕ್‌ವೂಲ್ ಒಳಗೆ, ಮೇಲೆ ತಗಡು. ಅಂಚಿನಲ್ಲಿ ಗ್ಲಾಸ್‌ಫೈಬರ್ ಹಗ್ಗವನ್ನು ಸಿಲಿಕೋನ್ ಹಾಕಿ ಅಂಟಿಸಿ. ಹಗ್ಗ ಒತ್ತಿ ಕೂರಬೇಕಾದ್ದರಿಂದ ಅಯಸ್ಕಾಂತ ಸಾಲದು, ಮೇಲೊಂದು ಕೆಳಗೊಂದು ಕ್ಲಾಂಪ್ ಬೇಕು. ಹೊರಗಿನಿಂದ ಬಿಗಿಯುವ ಬಾಗಿಲೆಂದರೆ ಒಳಗೆ ಸಿಕ್ಕ ಮಗು ತಳ್ಳಿ ಹೊರಬರಲು ಆಗದ ಬಾಗಿಲು. ಕಣ್ಣಾಮುಚ್ಚಾಲೆಯ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬೇಡಿ: ಬಳಸದ ದಿನಗಳಲ್ಲಿ ಬೀಗ ಹಾಕಿಡಿ. ಕೆಲಸ ನಡೆಯುವಾಗ ಕಳಚಿದ ಬಾಗಿಲನ್ನು ಸುಮ್ಮನೆ ಸಿಕ್ಕಿಸಿ ಹೋಗಬೇಡಿ.

6. ಒಲೆ ಮತ್ತು ಕೊಳವೆ

ಬೆಂಕಿ ಪೆಟ್ಟಿಗೆಯ ಹೊರಗಿರಬೇಕು. ಒಳಗೇ ಕೆಂಡ ಇಟ್ಟರೆ ಕೊಬ್ಬು ಅದರ ಮೇಲೆ ಬಿದ್ದು ಉರಿಯುತ್ತದೆ, ಕೆಳಗಿನ ಜಾಲರಿ ಕರಟುತ್ತದೆ, ಮೇಲಿನದು ಬೇಯುವುದಿಲ್ಲ.

ಪೆಟ್ಟಿಗೆಯನ್ನು ಎರಡು ಸಾಲು ಕಾಂಕ್ರೀಟ್ ಬ್ಲಾಕಿನ ಮೇಲೆ ನಿಲ್ಲಿಸಿ, ಗಾಳಿಗೆ ಬೀಳದಂತೆ ಕಂಬಕ್ಕೆ ಪಟ್ಟಿ ಬಿಗಿಯಿರಿ. ಒಂದು ಮೀಟರ್ ದೂರದಲ್ಲಿ, ಇಟ್ಟಿಗೆ ಮತ್ತು ಜೇಡಿಮಣ್ಣಿನಲ್ಲಿ, ಒಳಗೆ 40 ಸೆಂ.ಮೀ. ಉದ್ದ, ಅಗಲ, ಎತ್ತರ ಬರುವ ಒಲೆ ಕಟ್ಟಿ. ಒಳಮುಖಕ್ಕೆ ಸಿಮೆಂಟ್ ಹಚ್ಚಿದರೆ ಬಿಸಿಗೆ ಬಿರುಕು ಬಿಟ್ಟು ಉದುರುತ್ತದೆ. ಒಲೆಯ ತಲೆ ಪೆಟ್ಟಿಗೆಯ ನೆಲಕ್ಕಿಂತ ಒಂದು ಅಡಿಯಾದರೂ ಕೆಳಗಿರಲಿ. ಹೊಗೆ ಏರುತ್ತಾ ಹೋಗಬೇಕು. ಕೊಳವೆ ಮಟ್ಟಸವಾಗಿದ್ದರೆ ಅದು ಒಲೆಯ ಬಾಯಿಂದಲೇ ವಾಪಸ್ ಬರುತ್ತದೆ. ಒಲೆ ಕೆಳಗೆ, ಪೆಟ್ಟಿಗೆ ಮೇಲೆ ಬರುವಂತೆ ಇಳಿಜಾರು ಜಾಗ ಆರಿಸಿ. ಕೊಡಗಿನ ಅಂಗಳಗಳಲ್ಲಿ ಅದಕ್ಕೆ ಕೊರತೆಯಿಲ್ಲ.

ಕಂಪ್ರೆಸರ್ ಇದ್ದ ಹಿಂಬದಿಯ ಗೂಡಿನಿಂದಲೇ ಪೈಪನ್ನು ಒಳಕ್ಕೆ ತನ್ನಿ. ಹೊರತಗಡಿಗೆ ಪೈಪ್ ತಾಗದಂತೆ ಸುತ್ತಲೂ ಒಂದು ಇಂಚು ಬಿಟ್ಟು ರಾಕ್‌ವೂಲ್ ತುಂಬಿ. ಪೈಪಿನ ಬಾಯಿಯ ಮೇಲೆ ನಾಲ್ಕು ಇಂಚು ಎತ್ತರದಲ್ಲಿ ಒಂದು ಅಡಿ ಚೌಕದ ಸ್ಟೀಲ್ ಪ್ಲೇಟ್ ಕೂರಿಸಿ. ಶಾಖ ಒಂದೇ ಕಡೆ ಹೊಡೆಯದೆ ಹರಡುವುದಕ್ಕೂ, ಕೊಬ್ಬು ಪೈಪಿಗೆ ಇಳಿಯದಿರುವುದಕ್ಕೂ ಇದೇ ಉಪಾಯ. ಅದರ ಮೇಲೆ ಕೊಬ್ಬು ಹಿಡಿಯುವ ತಟ್ಟೆ, ಸುತ್ತಲೂ ಎರಡು ಇಂಚು ಸಂದಿ ಬಿಟ್ಟು.

ಒಲೆಯ ಬಾಗಿಲಿನಲ್ಲಿ ಸರಿಸಿ ಮುಚ್ಚುವ 8 ಸೆಂ.ಮೀ.ನ ಗಾಳಿಕಿಂಡಿ ಇರಲಿ. ಹೊಗೆಕೊಳವೆಯನ್ನು ಪೆಟ್ಟಿಗೆಯ ನೆತ್ತಿಯ ಮೇಲೆ, ಪೈಪ್ ಬರುವ ಮೂಲೆಗೆ ಎದುರು ಮೂಲೆಯಲ್ಲಿ ಕೂರಿಸಿ. ಅದಕ್ಕೂ ಒಂದು ತಿರುಗುಮುಚ್ಚಳ, ಮೇಲೆ ಮಳೆಟೋಪಿ. ಕೊಡಗಿನ ಮಳೆ ನೇರ ಬೀಳುವುದಿಲ್ಲ, ಓರೆಯಾಗಿ ಹೊಡೆಯುತ್ತದೆ. ಟೋಪಿಯ ಅಂಚು ಕೊಳವೆಗಿಂತ ನಾಲ್ಕು ಇಂಚಾದರೂ ಹೊರಗೆ ಚಾಚಿರಬೇಕು.

ಮನೆ ಗೋಡೆ, ಸೌದೆ ರಾಶಿ, ಒಣಹುಲ್ಲಿನಿಂದ ಹತ್ತು ಅಡಿ ದೂರ. ನಾಲ್ಕೂ ಬದಿ ತೆರೆದ ಶೀಟಿನ ಚಪ್ಪರ ಸರಿ, ಮುಚ್ಚಿದ ಕೋಣೆ, ಜಗಲಿ ಕೂಡದು. ಕೆಂಡದಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

7. ಥರ್ಮಾಮೀಟರ್ ಮತ್ತು ಮೊದಲ ಉರಿ

ಡಯಲನ್ನು ಬಾಗಿಲಿನಲ್ಲಿ ಮಾಂಸ ಇರುವ ಎತ್ತರಕ್ಕೆ ಕೂರಿಸಿ. ತಲೆಯ ಹತ್ತಿರ ಹಾಕಿದರೆ ಅದು ತೋರಿಸುವ ಬಿಸಿ ಮಾಂಸಕ್ಕೆ ಸಿಗುತ್ತಿರುವುದಿಲ್ಲ. ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವಾಗ ನೆನಪಿಡಿ: ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. 100 ಬರಲಿಲ್ಲವೆಂದು ಒಳ್ಳೆಯ ಥರ್ಮಾಮೀಟರನ್ನು ವಾಪಸ್ ಕೊಡಬೇಡಿ. 100 ತೋರಿಸಿದರೇ ಅದು ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದರ್ಥ.

ಮಾಂಸ ಹಾಕುವ ಮೊದಲು ಖಾಲಿ ಪೆಟ್ಟಿಗೆಯನ್ನು 120 ಡಿಗ್ರಿಯಲ್ಲಿ ಮೂರು ಗಂಟೆ ಉರಿಸಿ. ತಗಡಿನ ಎಣ್ಣೆ, ಸಿಲಿಕೋನಿನ ವಾಸನೆ ಎಲ್ಲ ಹೋಗಬೇಕು. ಹೊರಮೈಯನ್ನು ಕೈಯಿಂದ ಮುಟ್ಟುತ್ತಾ ಬನ್ನಿ. ಒಂದೇ ಕಡೆ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿ ರಾಕ್‌ವೂಲ್ ಜಾರಿದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಎಲ್ಲೋ ಫೋಮ್ ಉಳಿದಿದೆ: ಬೆಂಕಿ ಆರಿಸಿ, ಬಿಚ್ಚಿ ನೋಡಿ.

8. ಸೌದೆ

ಸೀಬೆ, ಹಲಸು, ಕಿತ್ತಳೆ, ಕಾಫಿ, ಈ ನಾಲ್ಕೂ ಒಳ್ಳೆಯವು. ಕಾಫಿ ಕಟ್ಟಿಗೆ ಗಟ್ಟಿ, ಕೆಂಡ ನಿಧಾನಕ್ಕೆ ಆರುತ್ತದೆ. ಆದರೆ ಒಂದು ಮಾತು: ಬಿಳಿ ಕಾಂಡಕೊರಕಕ್ಕೆಂದು ಅರೇಬಿಕಾ ಗಿಡಗಳ ಕಾಂಡಕ್ಕೆ ಕೀಟನಾಶಕ ಬಳಿಯುತ್ತಾರೆ. ಕೊರಕ ಬಿದ್ದು ಕಿತ್ತ ಗಿಡವೇ ಸೌದೆ ರಾಶಿಗೆ ಬರುವುದು. ಔಷಧಿ ಕಂಡ ಕಾಂಡ ಬೇಡ. ಹಾಗೆ ಬಳಿಯದ ರೊಬಸ್ಟಾ ಕಾಂಡವಾದರೆ ಸರಿ.

ಕಣಗಿಲೆ ಕೊಂಬೆ ವಿಷ. ಹೊಳೆಗೇರು, ಗೇರು ಜಾತಿಯ ಮರಗಳ ಹೊಗೆ ಮೈಗೆ, ಗಂಟಲಿಗೆ ಉರಿ ತರುತ್ತದೆ. ನೀಲಗಿರಿ ಬೇಡ. ಪೈನ್ ಪ್ಯಾಕಿಂಗ್ ಪೆಟ್ಟಿಗೆ, ಪ್ಲೈವುಡ್, ಬಣ್ಣ ಬಳಿದ ಮರ ಕೂಡದು.

ಸೌದೆ ಸೀಳಿ ಆರು ತಿಂಗಳು ಒಣಗಿರಬೇಕು. ತುದಿಯಲ್ಲಿ ಬಿರುಕು ಬಿಟ್ಟು, ಎರಡು ತುಂಡು ಬಡಿದರೆ ಟಕ್ ಅನ್ನಬೇಕು. ಹಸಿ ಸೌದೆಯ ದಟ್ಟ ಬಿಳಿ ಹೊಗೆ ಮಾಂಸದ ಮೇಲೆ ಟಾರಿನಂತೆ ಕೂತು ಕಹಿಯಾಗುತ್ತದೆ. ನಮಗೆ ಬೇಕಿರುವುದು ತೆಳ್ಳಗಿನ, ನೀಲಿ ಛಾಯೆಯ, ಅದರಾಚೆಯ ಮರ ಕಾಣುವಂಥ ಹೊಗೆ.

9. ಮಾಂಸಕ್ಕೆ ಉಪ್ಪು

ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವ ಪ್ರಾಣಿ. ಇಲ್ಲಿ ಹೇಳುವುದೆಲ್ಲ ಸಾಕಿದ ಹಂದಿಗೆ. ಹೊಟ್ಟೆಯ ಭಾಗ, ಚರ್ಮದ ಸಮೇತ, 4 ಸೆಂ.ಮೀ. ದಪ್ಪದ ಒಂದೊಂದು ಕಿಲೋ ಹಲಗೆಗಳಾಗಿ ಕೊಯ್ಯಿಸಿ.

ಕಿಲೋಗೆ 22 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, 2.5 ಗ್ರಾಂ ಕ್ಯೂರಿಂಗ್ ಸಾಲ್ಟ್ ನಂಬರ್ 1, 10 ಗ್ರಾಂ ಬೆಲ್ಲದ ಪುಡಿ, ಬೇಕಾದಷ್ಟು ಕುಟ್ಟಿದ ಕರಿಮೆಣಸು. ಕ್ಯೂರಿಂಗ್ ಸಾಲ್ಟ್ ಅಂದರೆ 6.25 ಶೇಕಡಾ ಸೋಡಿಯಂ ನೈಟ್ರೈಟ್ ಬೆರೆಸಿದ ಉಪ್ಪು. ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ರೋಗಾಣುವನ್ನು ತಡೆಯುವುದು ಇದೇ. ಗುರುತು ಸಿಗಲೆಂದು ಗುಲಾಬಿ ಬಣ್ಣ ಹಾಕಿರುತ್ತಾರೆ. ಅಂಗಡಿಯ ಗುಲಾಬಿ ಇಂದುಪ್ಪಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಶುದ್ಧ ಸೋಡಿಯಂ ನೈಟ್ರೈಟ್ ಕೆಲವೇ ಗ್ರಾಂಗೆ ಪ್ರಾಣ ತೆಗೆಯುತ್ತದೆ, ಮನೆಗೆ ತರಲೇಬೇಡಿ. ಪೆಟ್ಲುಪ್ಪೂ (ಪೊಟ್ಯಾಸಿಯಂ ನೈಟ್ರೇಟ್) ಬೇಡ. ಚಮಚದ ಅಳತೆ ಇಲ್ಲಿ ನಡೆಯದು, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು.

ಎಲ್ಲ ಹಚ್ಚಿ, ಜಿಪ್ ಕವರಿನಲ್ಲಿ ಗಾಳಿ ತೆಗೆದು, ಕೆಲಸ ಮಾಡುವ ಫ್ರಿಜ್‌ನಲ್ಲಿ 4 ಡಿಗ್ರಿ ಒಳಗೆ ಏಳು ದಿನ ಇಡಿ, ದಿನಕ್ಕೊಮ್ಮೆ ಮಗುಚಿ. ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿರಸ) ಈ ಹಂತದಲ್ಲಿ ಹಾಕಬೇಡಿ. ಹುಳಿ ತಾಗಿದರೆ ನೈಟ್ರೈಟ್ ಬೇಗ ಒಡೆದುಹೋಗುತ್ತದೆ, ಕಾಪಾಡಬೇಕಾದ್ದು ಕಾಪಾಡುವುದಿಲ್ಲ.

ಕ್ಯೂರಿಂಗ್ ಸಾಲ್ಟ್ ಸಿಗದಿದ್ದರೆ ಕಿಲೋಗೆ 18 ಗ್ರಾಂ ಉಪ್ಪು ಹಚ್ಚಿ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಮರುದಿನ 105–110 ಡಿಗ್ರಿಯಲ್ಲೇ ಹೊಗೆ ಹಾಕಿ. ಮಾಂಸದ ನಡುಭಾಗ ನಾಲ್ಕು ಗಂಟೆಯೊಳಗೆ 60 ಡಿಗ್ರಿ ದಾಟಲೇಬೇಕು. ಬಣ್ಣ ಗುಲಾಬಿಯಾಗದೆ ಕಂದಾಗುತ್ತದೆ, ಅದು ದೋಷವಲ್ಲ.

10. ಹೊಗೆ ಹಾಕುವ ದಿನ

ಹಿಂದಿನ ರಾತ್ರಿಯೇ ಮಾಂಸ ತೊಳೆದು, ಬಟ್ಟೆಯಲ್ಲಿ ಒತ್ತಿ, ಫ್ರಿಜ್‌ನೊಳಗೆ ಜಾಲರಿಯ ಮೇಲೆ ತೆರೆದಿಡಿ. ಬೆಳಿಗ್ಗೆ ಮುಟ್ಟಿದರೆ ಮೈ ಒಣಗಿ ಬೆರಳಿಗೆ ಸ್ವಲ್ಪ ಅಂಟಬೇಕು. ಒದ್ದೆ ಮಾಂಸಕ್ಕೆ ಹೊಗೆ ಹಿಡಿಯುವುದಿಲ್ಲ, ಕಪ್ಪು ನೀರಾಗಿ ಇಳಿದು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಹೊರಗೆ ಒಣಗಿಸುವ ಆಸೆ ಬೇಡ.

ಒಂದೂವರೆ ಕಿಲೋ ತೆಂಗಿನ ಚಿಪ್ಪಿನ ಇದ್ದಿಲಿಗೆ ಬೆಂಕಿ ಹಚ್ಚಿ, ಪೂರ್ತಿ ಕೆಂಡವಾದ ಮೇಲೆ ಪೆಟ್ಟಿಗೆ 90 ಡಿಗ್ರಿ ಮುಟ್ಟಲಿ. ಆಮೇಲೆ ಮಾಂಸ, ತುಂಡಿನಿಂದ ತುಂಡಿಗೆ ಎರಡು ಇಂಚು ಬಿಟ್ಟು. ಮುಷ್ಟಿ ಗಾತ್ರದ ಎರಡು ಸೌದೆ ತುಂಡು ಕೆಂಡದ ಮೇಲೆ. ಮುಕ್ಕಾಲು ಗಂಟೆಗೊಮ್ಮೆ ಇನ್ನೆರಡು. ಬಿಸಿ ಏರಿಸುವುದು, ಇಳಿಸುವುದು ಒಲೆಯ ಗಾಳಿಕಿಂಡಿಯಿಂದಲೇ. ಹೊಗೆಕೊಳವೆಯ ಮುಚ್ಚಳ ಸದಾ ಅರ್ಧಕ್ಕಿಂತ ಹೆಚ್ಚು ತೆರೆದಿರಬೇಕು. ‘ಹೊಗೆ ವ್ಯರ್ಥವಾಗುತ್ತದೆ’ ಎಂದು ಅದನ್ನು ಮುಚ್ಚುವುದೇ ಕಹಿ ಮಾಂಸಕ್ಕೆ ಮೊದಲ ಕಾರಣ. ಬಾಗಿಲು ಪದೇ ಪದೇ ತೆಗೆಯಬೇಡಿ.

ಸುಮಾರು 65 ಡಿಗ್ರಿಯ ಹತ್ತಿರ ಮಾಂಸದ ಬಿಸಿ ಏರದೆ ಒಂದು ಗಂಟೆ ನಿಂತಂತೆ ಕಾಣಬಹುದು. ಮೈಯಿಂದ ನೀರು ಆವಿಯಾಗುತ್ತಾ ಶಾಖ ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಗಾಬರಿಯಿಂದ ಸೌದೆ ತುರುಕಬೇಡಿ. ನಡುಭಾಗ 71 ಡಿಗ್ರಿ ತೋರಿಸಿದಾಗ ಮುಗಿಯಿತು. ಸಾಮಾನ್ಯವಾಗಿ ನಾಲ್ಕರಿಂದ ಐದು ಗಂಟೆ. ಲಾಡಿಹುಳದ ಭಯಕ್ಕೂ ಈ 71 ಡಿಗ್ರಿಯೇ ಉತ್ತರ, ಹೊಗೆಯ ಬಣ್ಣ ಅಲ್ಲ. ಕಾಚಂಪುಳಿ ಬೇಕೆನ್ನುವವರು ಕೊನೆಯ ಅರ್ಧ ಗಂಟೆಯಲ್ಲಿ ತೆಳ್ಳಗೆ ಸವರಬಹುದು.

ಕೊಬ್ಬಿಗೆ ಬೆಂಕಿ ಹತ್ತಿದರೆ ಬಾಗಿಲು ತೆರೆಯಬೇಡಿ, ನೀರು ಹಾಕಬೇಡಿ. ಒಲೆಯ ಕಿಂಡಿ, ಕೊಳವೆಯ ಮುಚ್ಚಳ ಎರಡನ್ನೂ ಮುಚ್ಚಿ ಗಾಳಿ ತಪ್ಪಿಸಿ. ಒಂದು ಬಕೆಟ್ ಒಣ ಮರಳು ಪಕ್ಕದಲ್ಲೇ ಇರಲಿ.

11. ಆಮೇಲೆ

ತಣಿದ ಮಾಂಸವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಕ್ಯೂರಿಂಗ್ ಸಾಲ್ಟ್ ಹಾಕಿದ್ದು ಒಂದು ವಾರ, ಹಾಕದ್ದು ಮೂರು ದಿನ, ಫ್ರೀಜರಿನಲ್ಲಾದರೆ ಎರಡು ತಿಂಗಳು. ಪಂದಿ ಕರಿಗೆ ಹಾಕುವುದಾದರೆ ಮಸಾಲೆಗೆ ಮೊದಲೇ ಉಪ್ಪು ಸೇರಿಸದೆ, ಮಾಂಸ ಅರ್ಧ ಗಂಟೆ ಕುದಿದ ಮೇಲೆ ರುಚಿ ನೋಡಿ ಹಾಕಿ.

ಪೆಟ್ಟಿಗೆ ಉಗುರುಬೆಚ್ಚಗಿರುವಾಗಲೇ ಕೊಬ್ಬಿನ ತಟ್ಟೆ ಖಾಲಿ ಮಾಡಿ, ಜಾಲರಿಗಳನ್ನು ಬಿಸಿನೀರು, ಸೋಪಿನಲ್ಲಿ ಉಜ್ಜಿ. ಗೋಡೆಯ ತೆಳು ಕಂದು ಲೇಪ ಇರಲಿ. ಹೊಳೆಯುವ ಕಪ್ಪು ಹಕ್ಕಳೆ ಕಟ್ಟಿದ್ದರೆ ಕೆರೆಯಿರಿ, ಹೊತ್ತಿಕೊಳ್ಳುವುದು ಅದೇ. ಮಳೆಗಾಲದಲ್ಲಿ ಬಾಗಿಲು ಬಿಗಿದಿಟ್ಟರೆ ಹದಿನೈದು ದಿನದಲ್ಲಿ ಒಳಗೆಲ್ಲ ಬೂಷ್ಟು ಹಿಡಿಯುತ್ತದೆ. ಬಾಗಿಲಿಗೆ ಒಂದು ಇಂಚಿನ ಕಟ್ಟಿಗೆ ಸಿಕ್ಕಿಸಿ, ಅದಕ್ಕಿಂತ ಹೆಚ್ಚು ತೆರೆಯದಂತೆ ಸರಪಣಿ ಹಾಕಿ ಬೀಗ ಹಾಕಿಡಿ. ಮತ್ತೆ ಬಳಸುವ ಮುನ್ನ ಖಾಲಿ ಪೆಟ್ಟಿಗೆಯನ್ನು 110 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿಕೊಳ್ಳಿ.